ರೋಡ್ ಟ್ರಿಪ್ ದಾರಿಯಲ್ಲಿ ಕೌಂಟಿ ಫೇರ್: ಅಮೆರಿಕದ ಹಳ್ಳಿ ಜಾತ್ರೆ ನೋಡುವ ಬಗೆ

ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬಂದರೆ ಅಮೆರಿಕದ ಕನ್ನಡಿಗರ ಮನೆಗಳಲ್ಲಿ ತಿರುಗಾಟದ ಪಟ್ಟಿ ಹೆಚ್ಚುಕಮ್ಮಿ ಒಂದೇ. ನಯಾಗರ, ನ್ಯೂಯಾರ್ಕ್, ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೋಸ್ಟೋನ್. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗಂಟೆಗಟ್ಟಲೆ ಜೋಳದ ಹೊಲ, ಸೋಯಾ ಹೊಲ, ದೊಡ್ಡ ದೊಡ್ಡ ಕೊಟ್ಟಿಗೆಗಳು. "ಇಲ್ಲಿ ಬೇಸಾಯ ಮಾಡೋರು ಯಾರು? ಒಬ್ಬ ಮನುಷ್ಯನೂ ಕಾಣ್ತಿಲ್ಲವಲ್ಲ" ಅಂತ ಅಪ್ಪ ಕೇಳುತ್ತಾರೆ. ಹಾಸನ, ಮಂಡ್ಯ, ಹಾವೇರಿ ಕಡೆ ಹೊಲ ಗದ್ದೆ ಮಾಡಿಕೊಂಡು ಬಂದವರಿಗೆ ಇದು ಸಹಜವಾದ ಪ್ರಶ್ನೆ. ಅದಕ್ಕೆ ಉತ್ತರ ಸಿಗುವ ಜಾಗ ಕೌಂಟಿ ಫೇರ್. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ ರಾಜ್ಯದ ಒಂದು ಭಾಗ, ಫೇರ್ ಅಂದರೆ ಜಾತ್ರೆ. ದಾರಿಯಲ್ಲಿ ಒಂದು ದಿನ, ಆಗದಿದ್ದರೆ ಅರ್ಧ ದಿನವಾದರೂ ಇದಕ್ಕೆ ಎತ್ತಿಡಿ.

ಅಮೆರಿಕದಲ್ಲಿ 3,000ಕ್ಕೂ ಜಾಸ್ತಿ ಕೌಂಟಿಗಳಿವೆ. ಅವುಗಳಲ್ಲಿ ಬಹಳಷ್ಟು ಕಡೆ ವರ್ಷಕ್ಕೊಮ್ಮೆ, ನಾಲ್ಕೈದು ದಿನದಿಂದ ಹತ್ತು ದಿನದವರೆಗೆ, ರೈತರು ಬೆಳೆದದ್ದನ್ನೂ ಸಾಕಿದ್ದನ್ನೂ ತಂದು ತೋರಿಸುತ್ತಾರೆ. ಇದರ ಬೇರು ಹಳೆಯದು. 1807ರಲ್ಲಿ ಎಲ್ಕಾನಾ ವಾಟ್ಸನ್ ಅನ್ನುವವರು ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಊರಿನ ನಡುವೆ ಎರಡು ಮೆರಿನೊ ಕುರಿ ಕಟ್ಟಿ ಜನರಿಗೆ ತೋರಿಸಿದರು. ಒಳ್ಳೆ ಉಣ್ಣೆಯ ತಳಿ ನೋಡಿದರೆ ರೈತರು ತಾವೂ ಸಾಕುತ್ತಾರೆ ಅನ್ನುವುದು ಅವರ ಲೆಕ್ಕಾಚಾರ. ಕೆಲವೇ ವರ್ಷಗಳಲ್ಲಿ ಅಲ್ಲಿ ದನ ಕುರಿಗಳ ದೊಡ್ಡ ಪ್ರದರ್ಶನ ಶುರುವಾಯಿತು. ನೋಡಿ ಕಲಿಯುವುದು, ಚೆನ್ನಾಗಿ ಮಾಡಿದವರಿಗೆ ಬಹುಮಾನ ಕೊಡುವುದು: ಇವತ್ತಿಗೂ ಫೇರ್ ನಡೆಯುವುದು ಇದೇ ರೀತಿಯಲ್ಲಿ.

1. ಯಾವ ಫೇರ್, ಯಾವ ತಿಂಗಳು

ಮೊದಲು ದಾರಿ ನಿರ್ಧರಿಸಿ, ಆಮೇಲೆ ಫೇರ್ ಹುಡುಕಿ. ಮ್ಯಾಪ್‌ನಲ್ಲಿ ನೀವು ದಾಟುವ ಕೌಂಟಿಗಳ ಹೆಸರು ನೋಡಿಕೊಂಡು, ಹೆಸರಿನ ಜೊತೆ 'ಕೌಂಟಿ ಫೇರ್' ಅಂತ ಹಾಕಿ ಹುಡುಕಿದರೆ ತಾರೀಖು ಸಿಗುತ್ತದೆ. ಇಂಡಿಯಾನಾ, ಒಹಾಯೊ, ಅಯೋವಾ, ವಿಸ್ಕಾನ್ಸಿನ್ ಕಡೆ ಜುಲೈ, ಆಗಸ್ಟ್‌ನಲ್ಲಿ ಜಾಸ್ತಿ. ಪೆನ್ಸಿಲ್ವೇನಿಯಾ, ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳ ಕಡೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೂ ನಡೆಯುತ್ತವೆ. ಫ್ಲೋರಿಡಾದಲ್ಲಿ ಸೆಕೆಗೆ ಹೆದರಿ ಚಳಿಗಾಲದಲ್ಲೇ ಮಾಡುವವರು ಜಾಸ್ತಿ.

ಸ್ಟೇಟ್ ಫೇರ್ ಬೇರೆ, ಕೌಂಟಿ ಫೇರ್ ಬೇರೆ. ಅಯೋವಾ ಸ್ಟೇಟ್ ಫೇರ್‌ಗೆ ಹತ್ತು ಲಕ್ಷ ಜನ ಬರುತ್ತಾರೆ, ಬೆಣ್ಣೆಯಲ್ಲಿ ಮಾಡಿದ ಹಸು ನೋಡಲು ಸಾಲು ನಿಲ್ಲಬೇಕು. ಅದೂ ಚೆನ್ನಾಗಿದೆ. ಆದರೆ ರೈತರ ಜೊತೆ ನಿಂತು ಮಾತಾಡಬೇಕು ಅಂದರೆ ಚಿಕ್ಕ ಕೌಂಟಿಯೇ ಸರಿ. ಅಲ್ಲಿ ಯಾರಿಗೂ ಅಷ್ಟು ಅವಸರ ಇರುವುದಿಲ್ಲ.

ದಾರಿಗೆ ಒಗ್ಗುವ ಮೂರು ಹೆಸರು ಹೇಳುತ್ತೇನೆ. ಶಿಕಾಗೋದಿಂದ ಪೂರ್ವಕ್ಕೆ ಹೊರಟವರಿಗೆ ಇಂಡಿಯಾನಾದ ಗೋಶೆನ್ ಊರಿನ ಎಲ್ಖಾರ್ಟ್ ಕೌಂಟಿ ಫೇರ್, ಜುಲೈ ಕೊನೆಗೆ. ದೊಡ್ಡ ಕೌಂಟಿ ಫೇರ್‌ಗಳಲ್ಲಿ ಇದೂ ಒಂದು. ಸುತ್ತಮುತ್ತ ಹಳೇ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಅನ್ನುವ ಕ್ರೈಸ್ತ ಪಂಗಡದವರ ಊರುಗಳು, ರಸ್ತೆಯಲ್ಲಿ ಅವರ ಕುದುರೆ ಗಾಡಿಗಳು. ಒರೆಗಾನ್ ಕಡಲತೀರದಲ್ಲಿ ಹೈವೇ 101 ಹಿಡಿದವರಿಗೆ ಆಗಸ್ಟ್‌ನಲ್ಲಿ ಟಿಲ್ಲಮೂಕ್ ಕೌಂಟಿ ಫೇರ್. ಅಲ್ಲಿ ಹಂದಿ ಮರಿಯನ್ನು ಕಂಕುಳಲ್ಲಿ ಹಿಡಿದುಕೊಂಡು, ಹಳೇ ಮಾಡೆಲ್ ಟಿ ಫೋರ್ಡ್ ಕಾರಿಗೆ ಕೈಯಲ್ಲೇ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಿ ಓಡಿಸುವ ಓಟ 1925ರಿಂದ ನಡೆದುಕೊಂಡು ಬಂದಿದೆ. ಬಾಸ್ಟನ್‌ನಿಂದ ಎಲೆ ಬಣ್ಣ ನೋಡಲು ವೈಟ್ ಮೌಂಟನ್ಸ್ ಕಡೆ ಹೋಗುವವರಿಗೆ ಮೇನ್ ರಾಜ್ಯದ ಫ್ರೈಬರ್ಗ್ ಫೇರ್, ಅಕ್ಟೋಬರ್ ಮೊದಲ ವಾರದಲ್ಲಿ. ಹೆಸರಲ್ಲಿ ಕೌಂಟಿ ಇಲ್ಲದಿದ್ದರೂ ಅದೇ ಜಾತಿಯದು, 1851ರಿಂದ ಇದೆ. ಅದರಲ್ಲಿ ನಮ್ಮವರಿಗೆ ಬಹಳ ಹತ್ತಿರವಾದ ಒಂದು ವಿಷಯ ಇದೆ, ಮುಂದೆ ಹೇಳುತ್ತೇನೆ.

2. ದಿನದ ಪಟ್ಟಿ ಮೊದಲೇ ನೋಡಿ

ಫೇರ್‌ನವರು ವೇಳಾಪಟ್ಟಿ ಹಾಕಿರುತ್ತಾರೆ. ಜೊತೆಗೆ 'ಪ್ರೀಮಿಯಂ ಬುಕ್' ಅಂತ ಒಂದು ಪುಸ್ತಕ ಇರುತ್ತದೆ. ಯಾವ ವಿಭಾಗದಲ್ಲಿ ಯಾರು ಸ್ಪರ್ಧಿಸಬಹುದು, ನಿಯಮ ಏನು, ಬಹುಮಾನ ಎಷ್ಟು ಅನ್ನುವುದೆಲ್ಲ ಅದರಲ್ಲಿ ಸಿಗುತ್ತದೆ. ವೇಳಾಪಟ್ಟಿಯಲ್ಲಿ ಮೂರು ವಿಷಯ ಗುರುತು ಮಾಡಿಕೊಳ್ಳಿ: ಹಸುಗಳ ಶೋ ಯಾವ ದಿನ, ಮಕ್ಕಳ ಪ್ರಾಣಿಗಳ ಹರಾಜು ಯಾವ ದಿನ, ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ (ಆಟದ ಬಯಲಿನ ಮುಂದಿನ ಮೆಟ್ಟಿಲು ಸೀಟಿನ ಜಾಗ) ಸಂಜೆ ಏನಿದೆ. ಒಂದೇ ದಿನ ಇರುವುದಾದರೆ ನಾನು ಹಸುಗಳ ಶೋ ಇರುವ ದಿನವನ್ನೇ ಆರಿಸುತ್ತೇನೆ. ಕೊನೆಯ ದಿನ ಬೇಡ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕೊಟ್ಟಿಗೆ ಖಾಲಿಯಾಗಿರುತ್ತದೆ.

ಗೇಟ್ ಟಿಕೆಟ್ ಸಾಮಾನ್ಯವಾಗಿ 5ರಿಂದ 15 ಡಾಲರ್. ಹಿರಿಯರಿಗೆ ರಿಯಾಯಿತಿ ಇರುವ ದಿನವೂ ಇರುತ್ತದೆ, ಕೇಳಿ. ತಿರುಗುವ ಚಕ್ರ, ತೊಟ್ಟಿಲುಗಳಿಗೆ, ಗ್ರ್ಯಾಂಡ್‌ಸ್ಟ್ಯಾಂಡ್ ಆಟಗಳಿಗೆ ಬೇರೆ ದುಡ್ಡು. ಕಾರ್ಡ್ ನಡೆದರೂ ಚಿಕ್ಕ ಅಂಗಡಿಗಳಿಗೆ, ಪಾರ್ಕಿಂಗ್‌ಗೆ ನೋಟು ಕೈಯಲ್ಲಿರಲಿ. ಒಳಗಿನ ಎಟಿಎಂಗಳಲ್ಲಿ ಶುಲ್ಕ ಜಾಸ್ತಿ.

3. ಊರಿಂದ ಈಗಷ್ಟೇ ಬಂದವರಿದ್ದರೆ ಇದನ್ನು ಮರೆಯಬೇಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಮೆರಿಕದಲ್ಲಿ 1929ರ ನಂತರ ದನಗಳಿಗೆ ಕಾಲುಬಾಯಿ ಜ್ವರ ಬಂದಿಲ್ಲ. ನಮ್ಮ ದೇಶದಲ್ಲಿ ಇನ್ನೂ ಇದೆ. ಅದರ ವೈರಸ್ ಚಪ್ಪಲಿಗೆ, ಬಟ್ಟೆಗೆ ಅಂಟಿಕೊಂಡು ಬರಬಲ್ಲದು. ಅದಕ್ಕೇ ವಿಮಾನ ಇಳಿದಾಗ ಕಸ್ಟಮ್ಸ್‌ನವರು ದನಕರುಗಳ ಹತ್ತಿರ ಇದ್ದಿರಾ, ಮುಟ್ಟಿದ್ದಿರಾ ಅಂತ ಕೇಳುವುದು. ಮನೆಯಲ್ಲಿ ಹಸು ಇದ್ದವರು "ಹೌದು" ಅಂತಲೇ ಹೇಳಬೇಕು. ಹಾಗೆ ಹೇಳಿದರೆ ತೊಂದರೆ ಏನಿಲ್ಲ, ಚಪ್ಪಲಿ ನೋಡಿ ಶುಚಿ ಮಾಡಿಸಿ ಕಳಿಸುತ್ತಾರೆ.

ಊರಲ್ಲಿ ಕೊಟ್ಟಿಗೆಗೆ ಹೋಗಿ ಬಂದವರು ಇಲ್ಲಿಗೆ ಬಂದ ಮೇಲೆ ಕನಿಷ್ಠ 5 ದಿನ ಯಾವ ದನ, ಕುರಿ, ಹಂದಿಯ ಹತ್ತಿರವೂ ಹೋಗಬಾರದು. ಅಲ್ಲಿ ಹಾಕಿದ ಚಪ್ಪಲಿ, ಶೂ ಇಲ್ಲಿ ಕೊಟ್ಟಿಗೆಗೆ ಬೇಡವೇ ಬೇಡ. ಹೊಸ ಶೂ ಕೊಡಿಸಿ, ಒಗೆದ ಬಟ್ಟೆ ಹಾಕಿಸಿ. ಹಾಗಾಗಿ ಫೇರ್ ಭೇಟಿಯನ್ನು ಪ್ರವಾಸದ ಎರಡನೇ ವಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಒಂದು ಹಸು ಸತ್ತರೆ ಮನೆಗೆ ಏನಾಗುತ್ತದೆ ಅಂತ ಹಸು ಸಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ಕಾರಣ ಹೇಳಿದರೆ ಅಪ್ಪ ಅಮ್ಮ ತಕ್ಷಣ ಒಪ್ಪುತ್ತಾರೆ.

4. ಬೆಳಿಗ್ಗೆಯೇ ಹೋಗಿ, ಮೊದಲು ಕೊಟ್ಟಿಗೆಗೆ

ಫೇರ್ ಮೈದಾನ ಸಾಮಾನ್ಯವಾಗಿ ಕೌಂಟಿಯ ಮುಖ್ಯ ಊರಿನ ಅಂಚಿನಲ್ಲಿರುತ್ತದೆ. ಪಾರ್ಕಿಂಗ್ ಬಹುತೇಕ ಹುಲ್ಲು ಬಯಲು. ಮಳೆ ಬಂದಿದ್ದರೆ ಕೆಸರು. ಬೆರಳು ಮುಚ್ಚುವ ಶೂ, ಟೋಪಿ, ನೀರಿನ ಬಾಟಲಿ ಇರಲಿ. ಅಮ್ಮ ಸೀರೆಯಲ್ಲೇ ಬರಲಿ, ಕಾಲಿಗೆ ಮಾತ್ರ ಶೂ ಹಾಕಿಸಿ.

ಗೇಟು ದಾಟಿದ ಕೂಡಲೇ ಮಕ್ಕಳು ತಿರುಗುವ ಚಕ್ರದ ಕಡೆ ಎಳೆಯುತ್ತಾರೆ. ಸಂಜೆ ದೀಪ ಹಚ್ಚಿದಾಗ ಅದು ಇನ್ನೂ ಚೆಂದ ಅಂತ ಹೇಳಿ ಒಪ್ಪಿಸಿ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಕೊಟ್ಟಿಗೆಯಲ್ಲಿ ಇರಬೇಕು. ಆಗ ತಂಪು, ಆಗಲೇ ಕೆಲಸ ನಡೆಯುವುದು.

ಇಲ್ಲಿ ಹಸು ಹಿಡಿದುಕೊಂಡಿರುವವರು ಹೆಚ್ಚಾಗಿ ಮಕ್ಕಳು. ಹಸಿರು ನಾಲ್ಕೆಲೆಯ ಗುರುತು ಕಂಡರೆ ಅವರು ಫೋರ್-ಎಚ್ ಅನ್ನುವ ಮಕ್ಕಳ ಸಂಘಟನೆಯವರು. ಈ ಸಂಘಟನೆಯ ಮೊದಲ ಗುಂಪು 1902ರಲ್ಲಿ ಒಹಾಯೊದ ಕ್ಲಾರ್ಕ್ ಕೌಂಟಿಯಲ್ಲಿ ಹುಟ್ಟಿತು. ಈಗ ಇದನ್ನು ನಡೆಸುವುದು ಆಯಾ ರಾಜ್ಯದ ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯದ (ಸರ್ಕಾರ ಕೊಟ್ಟ ಭೂಮಿಯ ನೆರವಿನಿಂದ ಬೆಳೆದದ್ದು) ವಿಸ್ತರಣಾ ವಿಭಾಗ. 1964ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಇದೇ ಮಾದರಿಯಲ್ಲಿ ಕಟ್ಟಿದ್ದು. ಜಿಕೆವಿಕೆ ಕೃಷಿ ಮೇಳಕ್ಕೆ ಹೋದವರಿಗೆ ಈ ವಾತಾವರಣ ಪರಿಚಿತ ಅನ್ನಿಸುವುದಕ್ಕೆ ಅದೂ ಒಂದು ಕಾರಣ. ನೀಲಿ ಕಾರ್ಡುರಾಯ್ ಜಾಕೆಟ್ ಹಾಕಿದ ಹೈಸ್ಕೂಲ್ ಮಕ್ಕಳು ಕಂಡರೆ ಅವರು ಎಫ್‌ಎಫ್‌ಎ, ಅಂದರೆ ಕೃಷಿ ಕಲಿಯುವ ಮಕ್ಕಳ ಸಂಘಟನೆಯವರು. ಅದು 1928ರಿಂದ ಇದೆ.

ಸುಮ್ನೆ ಒಂದು ಕಡೆ ನಿಂತು ನೋಡಿ. ಹನ್ನೆರಡು ವರ್ಷದ ಹುಡುಗಿ, ಪಕ್ಕದಲ್ಲಿ ಅವಳ ಹತ್ತರಷ್ಟು ತೂಕದ, ಬೀಜ ಒಡೆದ ಕಪ್ಪು ಹೋರಿ. ಸೋಪು ಹಾಕಿ ಮೈ ತೊಳೆದಿದ್ದಾಳೆ. ಈಗ ದೊಡ್ಡ ಬ್ಲೋಯರ್ ಹಿಡಿದು ರೋಮ ಒಣಗಿಸುತ್ತಾ, ಇನ್ನೊಂದು ಕೈಯಲ್ಲಿ ಬಾಚುತ್ತಾಳೆ. ಬಾಲದ ತುದಿ ಬಿಡಿಸಿ ಮತ್ತೆ ಮತ್ತೆ ಬಾಚುತ್ತಾಳೆ. ಕೈಯಲ್ಲಿ ತುದಿಗೆ ಕೊಕ್ಕೆ ಇರುವ ಉದ್ದನೆ ಕೋಲು. ಅದರಿಂದ ಹೊಡೆಯುವುದಿಲ್ಲ, ಹೊಟ್ಟೆ ಕೆರೆಯುತ್ತಾಳೆ. ಹೋರಿ ಕತ್ತು ಚಾಚಿ ಅಲ್ಲಾಡದೆ ನಿಲ್ಲುತ್ತದೆ. ಅದೇ ಕೋಲಿನಿಂದ ಗೊರಸು ಮೆಲ್ಲಗೆ ತಟ್ಟಿ ನಾಲ್ಕೂ ಕಾಲು ಸರಿಯಾದ ಜಾಗಕ್ಕೆ ತರುತ್ತಾಳೆ. ಮೂಗುದಾರ ಇಲ್ಲ, ಮುಖಕ್ಕೆ ಹಾಕಿದ ಹಗ್ಗ ಅಷ್ಟೇ. ತಿಂಗಳುಗಟ್ಟಲೆ ದಿನಾ ನಡೆಸಿ ಪಳಗಿಸಿದ್ದಕ್ಕೆ ಅಷ್ಟು ದೊಡ್ಡ ಪ್ರಾಣಿ ಅಷ್ಟು ಚಿಕ್ಕ ಕೈಯ ಮಾತು ಕೇಳುತ್ತದೆ. ದನ ಸಾಕಿದ ಯಾರೇ ಆಗಲಿ ಇದನ್ನು ನೋಡಿದರೆ ಅಲ್ಲೇ ನಿಂತುಬಿಡುತ್ತಾರೆ.

ಪ್ರತಿ ಪ್ರಾಣಿಯ ಮೇಲುಗಡೆ ಒಂದು ಕಾರ್ಡ್ ತೂಗುಹಾಕಿರುತ್ತಾರೆ: ಮಗುವಿನ ಹೆಸರು, ಪ್ರಾಣಿಯ ಹೆಸರು, ತಳಿ. ಅಲ್ಲಿಂದ ಮಾತು ಶುರು ಮಾಡಿ. ಏನು ಮೇವು, ದಿನಕ್ಕೆ ಎಷ್ಟು ಹೊತ್ತು ಕೆಲಸ, ಕರು ಹಾಕಿ ಎಷ್ಟು ದಿನ ಆಯಿತು ಅಂತ ಕೇಳಿ. ಅಪ್ಪ ಕನ್ನಡದಲ್ಲಿ ಕೇಳಲಿ, ನೀವು ಇಂಗ್ಲಿಷ್‌ನಲ್ಲಿ ಹೇಳಿ. ಮಕ್ಕಳು ಬಹಳ ಖುಷಿಯಿಂದ ಉತ್ತರ ಕೊಡುತ್ತಾರೆ. ಹಾಲಿನ ಲೆಕ್ಕ ಕೇಳಿದಾಗ ನಮ್ಮವರಿಗೆ ಆಶ್ಚರ್ಯ ಆಗುವುದು ಖಂಡಿತ. ಇಲ್ಲಿನ ಹಾಲಿನ ಹಸುವಿನ ಸರಾಸರಿಯೇ ವರ್ಷಕ್ಕೆ 10,000 ಕಿಲೋ ದಾಟುತ್ತದೆ.

ಕೆಲವು ನಿಯಮಗಳಿವೆ. ಮುಟ್ಟುವ ಮೊದಲು ಕೇಳಿ. ಹಸು, ಕುದುರೆಯ ಹಿಂದೆ ನಿಲ್ಲಬೇಡಿ. ಮಕ್ಕಳ ಫೋಟೊ ತೆಗೆಯುವ ಮೊದಲು ಅವರ ಅಪ್ಪ ಅಮ್ಮನನ್ನು ಕೇಳಿ. ಕೊಟ್ಟಿಗೆಯೊಳಗೆ ಏನೂ ತಿನ್ನಬೇಡಿ, ಕುಡಿಯಬೇಡಿ, ಮಗುವಿನ ಬಾಯಿಗೆ ನಿಪ್ಪಲ್ ಕೂಡ ಕೊಡಬೇಡಿ. ಹೊರಗೆ ಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಒಂದೇ ಸಾಲದು. ಹಂದಿ ಕೊಟ್ಟಿಗೆ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2012ರಲ್ಲಿ ಫೇರ್‌ಗಳ ಹಂದಿಗಳಿಂದ 300ಕ್ಕೂ ಜಾಸ್ತಿ ಜನರಿಗೆ ಹೊಸ ಬಗೆಯ ಫ್ಲೂ ಹರಡಿತ್ತು. ಅದರಲ್ಲಿ ಮಕ್ಕಳೇ ಹೆಚ್ಚು. 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಅಸ್ತಮಾ ಇರುವವರು ಹಂದಿಗಳ ಹತ್ತಿರ ಹೋಗುವುದು ಬೇಡ.

5. ಶೋ ರಿಂಗ್ ಮತ್ತು ಹರಾಜು

ಪ್ರಾಣಿಗಳನ್ನು ನಡೆಸಿ ತೋರಿಸುವ ರಿಂಗ್ ಸುತ್ತ ಮೆಟ್ಟಿಲು ಸೀಟು, ಮೇಲೆ ಚಾವಣಿ. ಹಿರಿಯರು ಕೂರಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಹಾಲಿನ ಹಸು ಹಿಡಿದ ಮಕ್ಕಳು ಸಾಮಾನ್ಯವಾಗಿ ಬಿಳಿ ಬಟ್ಟೆ ಹಾಕಿರುತ್ತಾರೆ. ತೀರ್ಪುಗಾರರು ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ, ಸುತ್ತ ನಡೆದು, ಕೊನೆಗೆ ಮೈಕ್ ಹಿಡಿದು ಯಾಕೆ ಇದು ಮೊದಲು, ಯಾಕೆ ಅದು ಎರಡನೆಯದು ಅಂತ ಒಂದೊಂದಾಗಿ ವಿವರಿಸುತ್ತಾರೆ. ಕೆಚ್ಚಲು, ಬೆನ್ನು, ಕಾಲಿನ ಗಟ್ಟಿತನ ಎಲ್ಲವೂ ಬರುತ್ತದೆ. ನಿಧಾನವಾಗಿ ಕೇಳಿ, ಪಕ್ಕದಲ್ಲಿ ಕೂತವರಿಗೆ ಹೇಳುತ್ತಾ ಹೋಗಿ. 'ಶೋಮನ್‌ಶಿಪ್' ಅನ್ನುವ ಸುತ್ತಿನಲ್ಲಿ ಅಂಕ ಕೊಡುವುದು ಪ್ರಾಣಿಗಲ್ಲ, ಅದನ್ನು ನಡೆಸುವ ಮಗುವಿಗೆ. ನೀಲಿ ರಿಬ್ಬನ್ ಮೊದಲ ಸ್ಥಾನ, ಕೆಂಪು ಎರಡನೆಯದು, ಬಿಳಿ ಮೂರನೆಯದು. ನೇರಳೆ ಬಣ್ಣದ್ದು ಚಾಂಪಿಯನ್‌ಗೆ.

ಹರಾಜು ನೋಡುವುದಾದರೆ ಮನೆಯವರಿಗೆ ಮೊದಲೇ ಹೇಳಿಬಿಡಿ: ಇಲ್ಲಿ ಮಾರುವ ಹೋರಿ, ಕುರಿ, ಹಂದಿಗಳು ಮಾಂಸಕ್ಕೆ ಹೋಗುತ್ತವೆ. ಸಾಕಿದ ಮಗುವಿಗೂ ಅದು ಗೊತ್ತು. ಕೊನೆಯ ಸಲ ಕೊರಳು ತಬ್ಬಿಕೊಂಡು ಅಳುವ ಮಕ್ಕಳನ್ನು ನೋಡುತ್ತೀರಿ. ಅದನ್ನು ನೋಡಲಾಗದವರು ಆ ಹೊತ್ತಿಗೆ ಬೇರೆ ಕಡೆ ಇರಲಿ, ತಪ್ಪೇನಿಲ್ಲ. ಆದರೆ ಈ ಹರಾಜಿನಲ್ಲಿ ಊರಿನ ಒಳ್ಳೆಯತನವೂ ಕಾಣುತ್ತದೆ. ಊರಿನ ಬ್ಯಾಂಕು, ಗೊಬ್ಬರ ಮೇವಿನ ಅಂಗಡಿ, ಟ್ರ್ಯಾಕ್ಟರ್ ಮಾರುವವರು ಮಾರುಕಟ್ಟೆ ಬೆಲೆಗಿಂತ ಎಷ್ಟೋ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ಎಷ್ಟೋ ಮಕ್ಕಳ ಕಾಲೇಜು ಖರ್ಚಿಗೆ ಆಗುವುದು ಈ ದುಡ್ಡೇ. ಹರಾಜು ಕೂಗುವವರ ಮಾತಿನ ವೇಗ ಅರ್ಥವಾಗದಿದ್ದರೂ ಕೇಳಲು ಸೊಗಸು. ಬೆಲೆ ಕೂಗಿ ಕೊಳ್ಳುವವರು ಮೊದಲೇ ನಂಬರ್ ಪಡೆದಿರಬೇಕು, ಹಾಗಾಗಿ ಕೈ ಎತ್ತಿದರೆ ಹಸು ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ ಬೇಡ.

6. ನಡು ಮಧ್ಯಾಹ್ನ ಎಕ್ಸಿಬಿಟ್ ಹಾಲ್

ಬಿಸಿಲು ಏರಿದಾಗ ಇಲ್ಲಿಗೆ ಬನ್ನಿ. ಕೌದಿಗಳು, ಜಾಮ್, ಉಪ್ಪಿನಕಾಯಿ ಬಾಟಲಿಗಳು, ಜೇನು, ಒಂದು ತುಂಡು ಕತ್ತರಿಸಿದ ಪೈಗಳು, ಒಣಹುಲ್ಲಿನ ಕಂತೆಗೂ ಬಹುಮಾನ. ತರಕಾರಿ ತಟ್ಟೆಗಳ ಹತ್ತಿರ ಸ್ವಲ್ಪ ಬಗ್ಗಿ ನೋಡಿ. ಒಂದೊಂದು ತಟ್ಟೆಯಲ್ಲಿ ಐದು ಟೊಮ್ಯಾಟೊ. ದೊಡ್ಡದಕ್ಕೆ ಬಹುಮಾನ ಅಲ್ಲ. ಐದೂ ಒಂದೇ ಗಾತ್ರ, ಒಂದೇ ಬಣ್ಣ, ಒಂದೇ ಹದಕ್ಕೆ ಹಣ್ಣಾಗಿರಬೇಕು. ಬಾಟಲಿಗಳಲ್ಲಿ ಮುಚ್ಚಳದ ಕೆಳಗೆ ಬಿಟ್ಟ ಜಾಗವನ್ನೂ ಅಳೆದು ನೋಡುತ್ತಾರೆ. ಕೆಲವು ಕಡೆ ತೀರ್ಪುಗಾರರು ಬರೆದ ಚೀಟಿ ಅಲ್ಲೇ ಇರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಗಾತ್ರಕ್ಕೆ ಬೇರೆ ಸ್ಪರ್ಧೆಗಳಿವೆ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಟಾಪ್ಸ್‌ಫೀಲ್ಡ್ ಫೇರ್‌ಗೆ ಬಂದ ಒಂದು ಕುಂಬಳಕಾಯಿ 2,009 ಪೌಂಡ್, ಅಂದರೆ 900 ಕಿಲೋ ಮೇಲೆ ತೂಗಿತ್ತು. ಅಮೆರಿಕದ ಲೆಕ್ಕದ ಒಂದು ಟನ್ (2,000 ಪೌಂಡ್) ದಾಟಿದ ಮೊದಲ ಕುಂಬಳ ಅದು.

ಅಮೆರಿಕದಲ್ಲೇ ನೆಲೆಸಿರುವವರಿಗೆ ಒಂದು ಮಾತು. 'ಓಪನ್ ಕ್ಲಾಸ್' ವಿಭಾಗದಲ್ಲಿ ಸಾಮಾನ್ಯವಾಗಿ ಕೌಂಟಿಯ ಯಾರು ಬೇಕಾದರೂ ಸ್ಪರ್ಧಿಸಬಹುದು. ಹಿತ್ತಲಲ್ಲಿ ಹಾಗಲಕಾಯಿ, ಬದನೆ, ಬೆಂಡೆ ಬೆಳೆಯುವ ಕನ್ನಡಿಗರು ಎಷ್ಟು ಜನ ಇಲ್ಲ! 'ಇತರೆ ತರಕಾರಿ' ಅನ್ನುವ ಸಾಲಿನಲ್ಲಿ ಐದು ಒಂದೇ ಥರದ ಹಾಗಲಕಾಯಿ ಇಟ್ಟು ನೋಡಿ. ಹೆಸರು ಕೊಡಲು ಎಷ್ಟೋ ಕಡೆ ಕೆಲವು ವಾರ ಮೊದಲೇ ಕೊನೆಯ ದಿನ ಇರುತ್ತದೆ. ಮಾವಿನ ಉಪ್ಪಿನಕಾಯಿ ಕಷ್ಟ, ಬಾಟಲಿಯ ವಿಭಾಗದಲ್ಲಿ ಸರ್ಕಾರ ಪರೀಕ್ಷಿಸಿದ ವಿಧಾನವೇ ಬೇಕು ಅಂತ ಬಹಳಷ್ಟು ಕಡೆ ನಿಯಮ ಇದೆ.

7. ಊಟ

ಸಸ್ಯಾಹಾರಿಗಳಿಗೆ ಸುಟ್ಟ ಜೋಳ, ಬೇಯಿಸಿದ ಆಲೂಗಡ್ಡೆ, ಕಣ್ಣೆದುರೇ ನಿಂಬೆ ಹಿಂಡಿ ಅಲ್ಲಾಡಿಸಿ ಕೊಡುವ ಲೆಮನೇಡ್, ಕೆಟಲ್ ಕಾರ್ನ್ (ಸಿಹಿ ಪಾಪ್‌ಕಾರ್ನ್) ಧೈರ್ಯವಾಗಿ ಕೊಡಿಸಬಹುದು. ಕಾರ್ನ್ ಡಾಗ್ ಹೆಸರಲ್ಲಿ ಜೋಳ ಇದ್ದರೂ ಒಳಗೆ ಮಾಂಸದ ಸಾಸೇಜ್. ಫನಲ್ ಕೇಕ್ ನಮ್ಮ ಜಿಲೇಬಿಯ ಥರ ಎಣ್ಣೆಗೆ ಹಿಟ್ಟು ಬಿಟ್ಟು ಕರಿದದ್ದು, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಬೇಯಿಸಿದ ಬೀನ್ಸ್‌ನಲ್ಲಿ ಹಂದಿ ಮಾಂಸ, ಪೈ ಹಿಟ್ಟಿನಲ್ಲಿ ಹಂದಿ ಕೊಬ್ಬು ಇರಬಹುದು. ಆಲೂ ಫ್ರೈಸ್ ಕರಿದ ಎಣ್ಣೆಯಲ್ಲೇ ಚಿಕನ್ ಕರಿದಿದ್ದಾರಾ ಅಂತ ಕೇಳಿ. ಕಟ್ಟುನಿಟ್ಟಿನವರಿಗೆ ಚಿತ್ರಾನ್ನ, ಮೊಸರನ್ನ ಕಾರಿನಲ್ಲೇ ಇರಲಿ, ಗೇಟಿನಲ್ಲಿ ಕೈ ಮೇಲೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು ಉಂಡು ಹೋಗಬಹುದು. ದುಡ್ಡು ಕೊಡುವುದಾದರೆ ಚರ್ಚಿನವರು, ಹಾಲಿನ ರೈತರು ನಡೆಸುವ ಅಂಗಡಿಗಳಿಗೆ ಕೊಡಿ. ಬೆಲೆ ಕಮ್ಮಿ, ಲಾಭ ಊರಿಗೇ ಹೋಗುತ್ತದೆ, ಮಿಲ್ಕ್‌ಶೇಕ್ ಕೂಡ ಚೆನ್ನಾಗಿರುತ್ತದೆ.

8. ಸಂಜೆಯ ಆಟ

ಡೆಮಾಲಿಷನ್ ಡರ್ಬಿಯಲ್ಲಿ ಹಳೇ ಕಾರುಗಳು ಒಂದಕ್ಕೊಂದು ಗುದ್ದಿಕೊಳ್ಳುತ್ತವೆ, ಕೊನೆಗೆ ಓಡುತ್ತಿರುವುದು ಗೆದ್ದ ಹಾಗೆ. ಟ್ರ್ಯಾಕ್ಟರ್ ಪುಲ್‌ನಲ್ಲಿ ಮುಂದೆ ಹೋದಷ್ಟೂ ಭಾರ ಹೆಚ್ಚಾಗುವ ಸ್ಲೆಡ್ ಅನ್ನುವ ಬಂಡಿ ಎಳೆಯಬೇಕು. ಎರಡೂ ವಿಪರೀತ ಸದ್ದು, ಮಕ್ಕಳ ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ನನ್ನ ಕೇಳಿದರೆ ಹಿರಿಯರಿಗೆ ಇವೆರಡಕ್ಕಿಂತ ಪ್ರಾಣಿಗಳು ಭಾರ ಎಳೆಯುವ ಸ್ಪರ್ಧೆ ಎಷ್ಟೋ ಮೇಲು.

ಫ್ರೈಬರ್ಗ್ ವಿಷಯ ಹೇಳುತ್ತೇನೆ ಅಂದಿದ್ದು ಇದನ್ನೇ. ನ್ಯೂ ಇಂಗ್ಲೆಂಡಿನಲ್ಲಿ ಎತ್ತು ಪಳಗಿಸುವ ಕಸುಬು ಇನ್ನೂ ಉಳಿದಿದೆ. ಮರದ ನೊಗ, ಜೋಡಿ ಎತ್ತು, ಪಕ್ಕದಲ್ಲಿ ನಡೆಯುತ್ತಾ ಬಲಕ್ಕೆ "ಜೀ", ಎಡಕ್ಕೆ "ಹಾ" ಅಂತ ಕೂಗುವ ಹುಡುಗರು. ಕಾಂಕ್ರೀಟ್ ಭಾರ ಹೇರಿದ ಸ್ಲೆಡ್ ಎಳೆಸುತ್ತಾರೆ. ಎತ್ತುಗಳು ನಮ್ಮ ಹಳ್ಳಿಕಾರ್‌ಗಿಂತ ಬಹಳ ದಪ್ಪ, ಹಿಣಿಲು ಇಲ್ಲ, ನಡಿಗೆ ನಿಧಾನ. ಹಳ್ಳಿಕಾರ್ ಜೋಡಿ ಕಟ್ಟಿ ಬೇಸಾಯ ಮಾಡಿದವರನ್ನು ಕರೆದುಕೊಂಡು ಹೋದರೆ ನೀವು ವಿವರಿಸುವುದೇನೂ ಉಳಿಯುವುದಿಲ್ಲ, ಅವರೇ ನಿಮಗೆ ಹೇಳಿಕೊಡುತ್ತಾರೆ. ಅದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

9. ಹೊರಡುವಾಗ

ಗುಡುಗು ಮಿಂಚು ಶುರುವಾದರೆ ಟೆಂಟ್ ಕೆಳಗೆ ನಿಲ್ಲಬೇಡಿ, ಗಟ್ಟಿ ಕಟ್ಟಡಕ್ಕೋ ಕಾರಿಗೋ ಹೋಗಿ. ಗ್ರ್ಯಾಂಡ್‌ಸ್ಟ್ಯಾಂಡ್ ಆಟ ಮುಗಿದಾಗ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಸ್ವಲ್ಪ ಮೊದಲೇ ಎದ್ದರೆ ಒಳ್ಳೆಯದು. ಶೂ ತಳಕ್ಕೆ ಅಂಟಿದ ಸಗಣಿ, ಮಣ್ಣು ಅಲ್ಲೇ ಕೆರೆದು ತೊಳೆದು ಕಾರು ಹತ್ತಿ. ಮಾರನೇ ದಿನ ಇನ್ನೊಂದು ಫಾರ್ಮ್‌ಗೆ ಹೋಗುವವರಿಗಂತೂ ಇದು ಕಡ್ಡಾಯ. ಹಳ್ಳಿ ದಾರಿಯಲ್ಲಿ 55 ಮೈಲಿ ವೇಗದ ಮಿತಿ ಊರು ಬಂದ ಕೂಡಲೇ 25ಕ್ಕೆ ಇಳಿಯುತ್ತದೆ, ಬೋರ್ಡ್ ನೋಡುತ್ತಿರಿ. ಗೋಶೆನ್ ಕಡೆಯಾದರೆ ಕತ್ತಲಲ್ಲಿ ಕುದುರೆ ಗಾಡಿಗಳು ಎದುರಾಗುತ್ತವೆ. ಸಂಜೆಗತ್ತಲಲ್ಲಿ ಜಿಂಕೆಗಳು ಹೊಲದಿಂದ ರಸ್ತೆಗೆ ಹಾರುತ್ತವೆ, ಒಂದು ದಾಟಿದರೆ ಹಿಂದೆ ಇನ್ನೊಂದು ಇದ್ದೇ ಇರುತ್ತದೆ ಅಂದುಕೊಂಡು ವೇಗ ತಗ್ಗಿಸಿ. ರಾತ್ರಿ ತಂಗಲು ಅದೇ ಊರಿನಲ್ಲಿ ಅಥವಾ ಪಕ್ಕದ ಕೌಂಟಿಯಲ್ಲಿ ಕೋಣೆ ಬುಕ್ ಮಾಡಿಟ್ಟಿರಿ. ಫೇರ್ ವಾರದಲ್ಲಿ ಚಿಕ್ಕ ಊರಿನ ಮೋಟೆಲ್‌ಗಳು ಬೇಗ ತುಂಬಿಹೋಗುತ್ತವೆ.